ಶಾಹೀನ್ ಚಾಣದ ಗೂಡಿಗೆ ಡ್ರೋನ್ ಕಾಟ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ರಾಮನಗರ ಕಡೆಯ ಒಂದು ಬೆಟ್ಟದಲ್ಲಿ ಶಾಹೀನ್ ಚಾಣದ ಜೋಡಿ ಗೂಡು ಮಾಡಿದೆ. ಪೆರೆಗ್ರಿನ್ ಅನ್ನುವ ಬೇಟೆ ಹಕ್ಕಿಯ ನಮ್ಮ ಕಡೆಯ ಉಪಜಾತಿ ಇದು. ಬೆಟ್ಟದ ಹೆಸರು ಬೇಕಂತಲೇ ಹಾಕಿಲ್ಲ, ಮರಿ ಕದಿಯುವವರ ಭಯ. ಕಡ್ಡಿ ಗಿಡ್ಡಿ ಏನೂ ಇಲ್ಲ, ಬರೀ ಬಂಡೆಯ ಅಂಚಿನಲ್ಲಿ ಮೂರು ವಾರದಿಂದ ಕಾವು ಕೂತಿದೆ.

ಭಾನುವಾರ ಬಂದರೆ ಹುಡುಗರು ಡ್ರೋನ್ ಹಾರಿಸುತ್ತಾರೆ. ಹೆಣ್ಣು ಕಿರುಚುತ್ತಾ ಎದ್ದು ಅದರ ಮೇಲೆ ಎರಗುತ್ತದೆ. ಅಷ್ಟು ಹೊತ್ತೂ ಮೊಟ್ಟೆ ಬಿಸಿಲಲ್ಲಿ. ನೋಡಿದರೆ ಸಂಕಟವಾಗುತ್ತದೆ. ಕೈಮುಗಿದು ಹೇಳಿದೆ, ಕೇಳಲಿಲ್ಲ. ಕಚೇರಿಯೊಂದಕ್ಕೆ ಹೋದರೆ, 'ಅದು ಕಂದಾಯ ಭೂಮಿ, ನಮಗೆ ಬರಲ್ಲ' ಅಂದರು. ಆದರೆ ಈ ಹಕ್ಕಿ 1972ರ ವನ್ಯಜೀವಿ ಕಾಯ್ದೆಯ 1ನೇ ಪಟ್ಟಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯಲ್ಲಿದೆ ಅಲ್ವಾ?

ಮರಿ ಹಾರಲು ಇನ್ನೂ ಏಳೆಂಟು ವಾರ ಬೇಕು. ಕಂದಾಯ ಭೂಮಿಯಲ್ಲಿರುವ ಗೂಡಿನ ಬಗ್ಗೆ ಲಿಖಿತ ದೂರು ಯಾರಿಗೆ ಕೊಡಬೇಕು, ವಲಯ ಅರಣ್ಯಾಧಿಕಾರಿಗಾ, ತಹಶೀಲ್ದಾರರಿಗಾ?