ಸಹಾಯ ಬೇಕು: ಹಚ್ಚೆ, ಮಚ್ಚೆ, ಮೂಗುಬಟ್ಟಿಗೆ ನಿಮ್ಮೂರಲ್ಲಿ ಏನಂತಾರೆ?

ನಮಸ್ಕಾರ. ದೊಡ್ಡ ದುರಂತಗಳಲ್ಲಿ ಸತ್ತವರ ಗುರುತು ಹಿಡಿಯಲು ಮನೆಯವರಿಗೆ ಕೇಳುವ ಪ್ರಶ್ನೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಮ್ಮ ಸ್ವಯಂಸೇವಕರ ತರಬೇತಿಗೆ. ಇಂಟರ್‌ಪೋಲ್ ಪದ್ಧತಿಯಲ್ಲಿ ಬದುಕಿದ್ದಾಗಿನ ವಿವರಕ್ಕೆ ಹಳದಿ ಫಾರಂ, ಶವದ ವಿವರಕ್ಕೆ ಗುಲಾಬಿ. ಬೆರಳಚ್ಚು, ಹಲ್ಲು, ಡಿಎನ್‌ಎ ಮುಖ್ಯ. ಬಟ್ಟೆ, ಒಡವೆ ಪೂರಕ ಮಾತ್ರ. ಅಣ್ಣನ ಶರ್ಟು ತಮ್ಮನ ಮೈಮೇಲಿರಬಹುದಲ್ಲ.

2024ರ ಜುಲೈ 30ರ ವಯನಾಡ್ ಭೂಕುಸಿತದಲ್ಲಿ ಕೊಚ್ಚಿಹೋದ ದೇಹಗಳು ಚಾಲಿಯಾರ್ ನದಿಯಲ್ಲಿ ನಿಲಂಬೂರಿನ ತನಕ ಸಿಕ್ಕವು. ಎಷ್ಟೋ ಬಿಡಿ ಅಂಗಗಳು. ಗುರುತು ಸಿಗದವರನ್ನು ಪುತ್ತುಮಲದಲ್ಲಿ ಹೂತು, ಹೆಸರಿನ ಜಾಗದಲ್ಲಿ ನಂಬರ್ ಬರೆದರು. ಅಲ್ಲಿ ಸತ್ತವರಲ್ಲಿ ನಮ್ಮ ಕಡೆಯಿಂದ ಕೂಲಿಗೆ ಹೋದವರೂ ಇದ್ದರು. ಅಂಥ ಮನೆಯ ಅಜ್ಜಿಗೆ 'ವಿಶಿಷ್ಟ ದೈಹಿಕ ಚಿಹ್ನೆ' ಅಂದರೆ ಏನರ್ಥವಾದೀತು?

ಹಾಗಾಗಿ ಆಡುಮಾತು ಬೇಕು. ಮೂಗುಬಟ್ಟು, ನತ್ತು, ಕಾಲುಂಗುರ, ಉಡಿದಾರ, ತಾಯತ: ನಿಮ್ಮ ಜಿಲ್ಲೆಯಲ್ಲಿ ಬೇರೆ ಹೆಸರಿದ್ದರೆ ಬರೆಯಿರಿ. ಹಚ್ಚೆ, ಮಚ್ಚೆ ಒಂದಕ್ಷರದ ಅಂತರ. ಅವಸರದ ಕೈಬರಹದಲ್ಲಿ ಅದಲುಬದಲಾದರೆ ಕಥೆ ಮುಗಿಯಿತು. ಮಚ್ಚೆಗೆ 'ಹುಟ್ಟುಮಚ್ಚೆ' ಅನ್ನಲೇ? ಕಟ್ಟಿಸಿದ ಹಲ್ಲು, ಮೂಳೆಗೆ ಹಾಕಿದ ರಾಡಿಗೆ ನಿಮ್ಮಲ್ಲಿ ಹೇಗೆ ಹೇಳುತ್ತಾರೆ?

ಇನ್ನೊಂದು, ನನಗೆ ಬಗೆಹರಿಯದ್ದು. ಶವ ಸಿಗುವ ಮೊದಲೇ ಕೇಳಬೇಕಾದ ಪ್ರಶ್ನೆಗಳಿವು. 'ಅವರ ಎತ್ತರ ಎಷ್ಟಿತ್ತು' ಅಂದರೆ ಮನೆಯವರ ಎದೆ ಒಡೆಯುತ್ತದೆ. 'ಎಷ್ಟಿದೆ' ಅನ್ನುವುದು ಸುಳ್ಳು ಭರವಸೆಯೇ? ದಾದಿಯರು, ಶವಾಗಾರದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. ದಂತವೈದ್ಯರೊಬ್ಬರು ಕರಡು ನೋಡಿಕೊಟ್ಟರೆ ಇನ್ನೂ ಉಪಕಾರ.