ಸೇತುವೆ ಡೆಕ್‌ನ ಒಳಬಿರುಕು: ರಾಡಾರ್ ಒಂದೇ ಸಾಕೇ?

ಪ್ರಶ್ನೆ: ನಾವು ಪರಿಶೀಲಿಸುತ್ತಿರುವ 200 ಮಿ.ಮೀ. ದಪ್ಪದ ಕಾಂಕ್ರೀಟ್ ಡೆಕ್‌ನ (ಸೇತುವೆಯ ಮೇಲೆ ವಾಹನ ಓಡುವ ಹಾಸಿನ) ಮೇಲೆ ಒಳಬಿರುಕು ಪತ್ತೆಗೆಂದು ಸರಪಳಿ ಎಳೆದು ಆಲಿಸಿದಾಗ ಎರಡು ಕಡೆ ಟೊಳ್ಳು ಸದ್ದು ಕೇಳಿಸಿತು. ಆದರೆ ಪಕ್ಕದ ಲೇನ್‌ನಲ್ಲಿ ಲಾರಿಗಳು ಓಡುತ್ತಲೇ ಇದ್ದುದರಿಂದ ಕಿವಿಯನ್ನೇ ಪೂರ್ತಿ ನಂಬುವ ಧೈರ್ಯ ಬರುತ್ತಿಲ್ಲ. ರೇಡಿಯೋ ಅಲೆಗಳನ್ನು ಕಾಂಕ್ರೀಟಿನೊಳಗೆ ಹಾಯಿಸಿ ಪ್ರತಿಫಲನ ನೋಡುವ ರಾಡಾರ್ ಸಮೀಕ್ಷೆಯೊಂದೇ ಸಾಕಾದೀತೇ?

ಉತ್ತರ 1: ಸಾಲದು. ಅಮೆರಿಕದ ವರ್ಜೀನಿಯಾ ರಾಜ್ಯದ ಹೇಮಾರ್ಕೆಟ್‌ನಲ್ಲಿ ಒಂದೇ ಸೇತುವೆಯ ಮೇಲೆ ಹಲವು ವಿಧಾನಗಳನ್ನು ಒರೆಗೆ ಹಚ್ಚಿದ ಅಧ್ಯಯನದ ವರದಿ 2013ರಲ್ಲಿ ಹೊರಬಂದಿತು. ಎಲ್ಲ ದೋಷಗಳನ್ನೂ ಹಿಡಿಯಬಲ್ಲ ಒಂಟಿ ವಿಧಾನ ಯಾವುದೂ ಇಲ್ಲವೆಂಬುದೇ ಅದರ ತಿರುಳು. ರಾಡಾರ್ ವೇಗವಾದದ್ದು ನಿಜ, ಆದರೆ ಅದು ಮುಖ್ಯವಾಗಿ ತೇವ ಮತ್ತು ಕ್ಲೋರೈಡ್‌ (ಉಪ್ಪಿನ ಅಂಶ)ನಿಂದ ಕ್ಷೀಣಿಸಿದ ಪ್ರತಿಫಲನವನ್ನು ತೋರಿಸುತ್ತದೆಯೇ ಹೊರತು ಕೂದಲೆಳೆಯಂತಹ ಪದರಬಿರುಕನ್ನು (ಕಾಂಕ್ರೀಟ್ ಒಳಗೇ ಪದರವಾಗಿ ಬಿಟ್ಟುಕೊಳ್ಳುವುದನ್ನು) ನೇರವಾಗಿ ಕಾಣಿಸುವುದು ಅಪರೂಪ.

ಉತ್ತರ 2: ಪದರಬಿರುಕಿಗೆ ಇಂಪ್ಯಾಕ್ಟ್ ಎಕೋ, ಅಂದರೆ ಮೇಲ್ಮೈಯನ್ನು ತಟ್ಟಿ ಮರುದನಿಯ ಆವರ್ತನ ಅಳೆಯುವ ವಿಧಾನ, ಮೇಲು. ಪುಟ್ಟ ಉಕ್ಕಿನ ಗುಂಡಿನಿಂದ ತಟ್ಟಿದಾಗ ನಿಮ್ಮ ಡೆಕ್ ಗಟ್ಟಿಯಿದ್ದಲ್ಲಿ ಸುಮಾರು 10 ಕಿಲೋಹರ್ಟ್ಸ್ ಆವರ್ತನ ಬರುತ್ತದೆ, ನಡುಮಧ್ಯೆ ಬಿರುಕಿದ್ದರೆ ಅದು ಇಮ್ಮಡಿಯಾಗುತ್ತದೆ. ಮೇಲ್ಮೈಗೆ ಹತ್ತಿರದ ಅಗಲ ಬಿರುಕು ಮಾತ್ರ ತಮಟೆಯಂತೆ ಕಂಪಿಸಿ ತೀರಾ ತಗ್ಗಿದ ಆವರ್ತನ ಕೊಡುತ್ತದೆ. ಹೊಸಬರು ಇದನ್ನು ದಪ್ಪ ಕಾಂಕ್ರೀಟ್ ಎಂದು ಓದಿ ಎಡವುವುದುಂಟು.

ಉತ್ತರ 3: ಒಳಗಿನ ಉಕ್ಕಿನ ಸರಳುಗಳ ತುಕ್ಕಿನ ಸಂಭವವನ್ನು ಹಾಫ್-ಸೆಲ್‌ನಿಂದ (ಸರಳಿನ ವಿದ್ಯುತ್ ವಿಭವ ಅಳೆಯುವ ಸಾಧನದಿಂದ) ಅಳೆಯಿರಿ. ತಾಮ್ರ-ತಾಮ್ರದ ಸಲ್ಫೇಟ್ ವಿದ್ಯುದ್ವಾರದಲ್ಲಿ ಮೈನಸ್ 350 ಮಿಲಿವೋಲ್ಟ್‌ಗಿಂತ ಹೆಚ್ಚು ಋಣವಾದ ಓದು ಬಂದರೆ ತುಕ್ಕಿನ ಸಾಧ್ಯತೆ ಶೇ. 90ಕ್ಕಿಂತ ಹೆಚ್ಚು. ಡಾಂಬರು ಹಾಸಿದ್ದರೆ ಈ ಮಾಪನ ಕೈಕೊಡುತ್ತದೆ.

ಪ್ರಶ್ನೆ ಕೇಳಿದವರು: ಡಾಂಬರಿಲ್ಲ. 60 ಸೆಂ.ಮೀ. ಚೌಕಗಳಲ್ಲಿ ಇಂಪ್ಯಾಕ್ಟ್ ಎಕೋ ನಡೆಸಿ, ಟೊಳ್ಳು ಸದ್ದು ಬಂದ ಎರಡೂ ಕಡೆ ಕೋರ್ (ಕೊರೆದು ತೆಗೆಯುವ ಕಾಂಕ್ರೀಟ್ ತುಂಡು) ತೆಗೆದು ತಾಳೆ ನೋಡುತ್ತೇವೆ.