ಮರು: ಟ್ಯಾಂಕಿನ ‘ಲೋಡರ್’ಗೆ ಕನ್ನಡ ಪದ (ಫಲಕಕ್ಕೆ, ತುರ್ತು)

ನಮಸ್ಕಾರ. ಟ್ಯಾಂಕಿನೊಳಗೆ ಯಾರ್ಯಾರು ಕೂರುತ್ತಾರೆ ಅಂತ ತೋರಿಸುವ ಫಲಕದಲ್ಲಿ, ತೋಪಿಗೆ ಶೆಲ್ ತುಂಬುವ ‘ಲೋಡರ್’ಗೆ ಕನ್ನಡದಲ್ಲಿ ಏನು ಬರೆಯಬೇಕು ಅಂತ ಕೇಳಿದ್ದೀರಿ. ಫಲಕ ನಾಳೆಯೇ ಬರೆಸಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಉತ್ತರ: ಕಮಾಂಡರ್, ಗನ್ನರ್, ಶೆಲ್ ತುಂಬುವವರು, ಡ್ರೈವರ್. ಆದರೆ ಟ್ಯಾಂಕ್ ಯಾವುದು ಅಂತ ನೀವು ಹೇಳಿಲ್ಲ. ನಮ್ಮ ಸೇನೆ ಹಿಂದೆ ಬಳಸುತ್ತಿದ್ದ ವಿಜಯಂತವೋ ಟಿ-55 ಓ ಆಗಿದ್ದರೆ ನಾಲ್ಕು ಜನ ಸರಿ. ಟಿ-72 ಆಗಿದ್ದರೆ ಮೂರೇ ಜನ. ಅದರಲ್ಲಿ ಶೆಲ್ ತುಂಬೋದು ಯಂತ್ರ.

ಈ ಚರ್ಚೆಯಲ್ಲಿ ಒಬ್ಬರು ಲೋಡರ್‌ಗೆ ಸೂಚಿಸಿದ ‘ಮದ್ದುಗಾರ’ ಬೇಡವೇ ಬೇಡ. ಹಳೆಯ ಫಿರಂಗಿಗಳಲ್ಲಿ ಮದ್ದು ಬೇರೆ, ಗುಂಡು ಬೇರೆ ಇರುತ್ತಿತ್ತು, ಈಗಲೂ ಕೆಲವು ತೋಪುಗಳಲ್ಲಿ ಹಾಗೇ ಇದೆ. ಆದರೆ ವಿಜಯಂತದ 105 ಮಿ.ಮೀ. ತೋಪಿಗೆ ಎರಡೂ ಸೇರಿದ ಒಂದೇ ಶೆಲ್. ಸುಮಾರು 20 ಕಿಲೋ ಭಾರ. ಕಮಾಂಡರ್ ಯಾವ ಬಗೆಯದು ಅಂತ ಕೂಗಿ ಹೇಳಿದ ಕೂಡಲೇ ಅದನ್ನು ಹುಡುಕಿ ಎಳೆದು, ಇಕ್ಕಟ್ಟಿನಲ್ಲೇ ತಿರುಗಿಸಿ, ತೋಪಿನ ಹಿಂಬಾಯಿಗೆ ನೂಕಬೇಕು. ಕೊನೆಯ ನೂಕು ಬೆರಳು ಮಡಚಿ, ಮುಷ್ಟಿಯಿಂದಲೇ. ಶೆಲ್ ಒಳಗೆ ಕೂತ ತಕ್ಷಣ ಹಿಂಬಾಯಿ ತಾನಾಗಿ ಮುಚ್ಚಿಕೊಳ್ಳುತ್ತೆ, ಬೆರಳು ಚಾಚಿದ್ದರೆ ಹೋಯಿತು. ಆಮೇಲೆ ಪಕ್ಕಕ್ಕೆ ಸರಿದು ‘ಲೋಡೆಡ್’ ಅನ್ನಬೇಕು, ಯಾಕಂದ್ರೆ ಗುಂಡು ಹಾರಿದಾಗ ತೋಪು ರಪ್ಪನೆ ಹಿಂದಕ್ಕೆ ಬರುತ್ತೆ. ಇಷ್ಟು ಮಾಡುವವರನ್ನು ‘ಸಹಾಯಕ’ ಅಂತ ಬರೆಯಿರಿ ಅಂದವರ ಸಲಹೆಗೆ ನನ್ನ ಒಪ್ಪಿಗೆ ಇಲ್ಲ.

ಗುರಿಯಿಟ್ಟು ತೋಪು ಹಾರಿಸುವ ಗನ್ನರ್‌ಗೆ ‘ಗುರಿಕಾರ’ ಪದ ಚೆನ್ನಾಗಿದೆ, ನಿಜ. ಆದರೆ ಕನ್ನಡದಲ್ಲಿ ಗುರಿಕಾರ ಅಂದರೆ ಮುಖಂಡ ಅನ್ನೋ ಅರ್ಥ ಹಳೆಯದು, ಈಗಲೂ ಬಳಕೆಯಲ್ಲಿದೆ. ಗನ್ನರ್ ಸೀಟಿಗೆ ಆ ಹೆಸರು ಬರೆದರೆ ಓದಿದವರು ಅವರನ್ನೇ ಕಮಾಂಡರ್ ಅಂದುಕೊಳ್ಳುತ್ತಾರೆ. ಗುರಿ ಯಾವುದು ಅಂತ ಕಂಡುಹಿಡಿದು ಹೇಳೋದು ಕಮಾಂಡರ್ ಕೆಲಸವೂ ಹೌದು ಅಲ್ವಾ?

ಇನ್ನು ‘ತುಂಬುಗ’. ಓದುಗ, ಕೇಳುಗ ಇದ್ದ ಮೇಲೆ ತುಂಬುಗ ಯಾಕಾಗಬಾರದು ಅಂತ ಕೇಳಿದ್ದೀರಿ. ವ್ಯಾಕರಣದ ಪ್ರಕಾರ ಖಂಡಿತ ಆಗುತ್ತೆ. ಆದರೆ ಏನನ್ನು ತುಂಬುವವ? ಡೀಸೆಲ್ಲೋ, ನೀರೋ? ಜೊತೆಗೆ ಅದು ಗಂಡಸಿಗಷ್ಟೇ ಹೊಂದುವ ರೂಪ. ನಾರ್ವೆ, ಇಸ್ರೇಲ್ ಸೇನೆಗಳಲ್ಲಿ ಹೆಂಗಸರೂ ಟ್ಯಾಂಕ್ ಸಿಬ್ಬಂದಿಯಲ್ಲಿದ್ದಾರೆ. ‘ತುಂಬುವವರು’ ಅಂದರೆ ಇಬ್ಬರಿಗೂ ಸಲ್ಲುತ್ತೆ, ಮರ್ಯಾದೆಯೂ ಇರುತ್ತೆ.

‘ಎರವಲು ಪದ ಒಂದೂ ಬೇಡ’ ಅಂದವರಿಗೆ ಒಂದು ಮಾತು. ನೀವು ನಿಮ್ಮ ಓಲೆಯಲ್ಲೇ ನಾಲ್ಕು ಸಲ ಬರೆದ ‘ಸಿಬ್ಬಂದಿ’ ಪಾರಸಿ ಮೂಲದ್ದು. ಕಂದಾಯ ವಸೂಲಿಗೂ ಊರ ಕಾವಲಿಗೂ ಇಟ್ಟುಕೊಳ್ಳುತ್ತಿದ್ದ ಪಡೆಗೆ ಆ ಹೆಸರಿತ್ತು. ಸಿಪಾಯಿ ಪಾರಸಿಯಿಂದ ಬಂತು, ತುಪಾಕಿ ತುರ್ಕಿಯಿಂದ. ಫಿರಂಗಿ ಅನ್ನೋದು ಯುರೋಪಿನವರ ಹೆಸರೇ. ಸೇನೆಯ ಮಾತು ಆಯುಧದ ಜೊತೆಗೇ ಬಂದಿದೆ, ಕನ್ನಡ ಅದನ್ನು ಬಾಯಿಗೆ ಒಗ್ಗಿಸಿಕೊಂಡಿದೆ. ಅವುಗಳನ್ನೆಲ್ಲ ಇಟ್ಟುಕೊಂಡು ‘ಗನ್ನರ್’ ಒಂದನ್ನೇ ಹೊರಗೆ ಹಾಕೋದು ಯಾವ ನ್ಯಾಯ?

‘ಟ್ಯಾಂಕ್’ ಬದಲು ‘ಕವಚರಥ’ ಅನ್ನೋದಂತೂ ನನಗೆ ಸರಿಕಾಣಲ್ಲ. 1916ರ ಸೆಪ್ಟೆಂಬರ್ 15ರಂದು ಮೊದಲ ಮಹಾಯುದ್ಧದ ಸೋಮ್ ಕಾಳಗದಲ್ಲಿ ಅದು ಮೊದಲು ಇಳಿಯುವ ಮುಂಚೆ, ಗುಟ್ಟು ಬಯಲಾಗದಿರಲಿ ಅಂತ ಬ್ರಿಟಿಷರು ಕೊಟ್ಟ ಹೆಸರು ಟ್ಯಾಂಕ್, ಅಂದರೆ ನೀರಿನ ತೊಟ್ಟಿ. ಆ ಗುಟ್ಟಿನ ಹೆಸರೇ ಬಹಳ ಕಡೆ ನಿಂತುಬಿಟ್ಟಿದೆ.

ಹಾಗಾದ್ರೆ ‘ಲೋಡರ್’ ಯಾಕೆ ಬೇಡ ಅಂತ ನೀವು ಕೇಳಬಹುದು. ಲೋಡರ್ ಅಂದ ಕೂಡಲೇ ನಮ್ಮವರಿಗೆ ನೆನಪಾಗೋದು ಲಾರಿಗೆ ಮೂಟೆ ಹೊರುವವರು, ಇಲ್ಲವೇ ಮಣ್ಣು ಎತ್ತುವ ಯಂತ್ರ. ಗನ್ನರ್, ಡ್ರೈವರ್ ಪದಗಳಿಗೆ ಆ ತೊಂದರೆ ಇಲ್ಲ. ಜಾಗ ಸಾಲದಿದ್ದರೆ ಅಕ್ಷರ ಸಣ್ಣದು ಮಾಡಿ, ‘ಶೆಲ್’ ಮಾತ್ರ ಬಿಡಬೇಡಿ.